ಅರಮನೆಯಲ್ಲಿ ಅವ್ವ ಕೇಳಿದ ಅರ್ಧ ಗಂಟೆ

ಹೈದರಾಬಾದಿನ ಕೊಂಡಾಪುರದ ನಮ್ಮ ಕಂಪನಿಗೆ ಸ್ಪೇನಿನ ಒಂದು ಪ್ರಾಜೆಕ್ಟ್ ಬಂದಾಗ ನನ್ನನ್ನು ಒಂದು ತಿಂಗಳ ಮಟ್ಟಿಗೆ ಮ್ಯಾಡ್ರಿಡ್ಡಿಗೆ ಹೋಗಲು ಹೇಳಿದರು. ನಾನು ಮೊದಲು ಯೋಚಿಸಿದ್ದು ಅವ್ವನ ಕಣ್ಣಿನ ಹನಿಗಳ ಬಗ್ಗೆ. ಕಣ್ಣಿನ ಒತ್ತಡ ಏರದಂತೆ ಬೆಳಿಗ್ಗೆ, ಸಂಜೆ ತಪ್ಪದೆ ಹಾಕಬೇಕಾದ ಔಷಧ ಅದು. ಅಪ್ಪ ತೀರಿಕೊಂಡ ಮೇಲೆ ಕುಷಾಯಿಗೂಡದ ಮನೆಯಲ್ಲಿ ನಾವಿಬ್ಬರೇ. ಅವಳಿಗೆ ಹನಿ ಹಾಕುವವರು ಯಾರು?

"ನಾನೂ ಬರ್ತೀನಿ," ಎಂದಳು ಅವ್ವ. "ಮೂವತ್ತು ವರ್ಷ ಹುಡುಗ್ಯಾರಿಗೆ ಚಿತ್ರಾ ಬಿಡಸೂದು ಕಲಿಸೀನಿ. ದೊಡ್ಡವರು ಬಿಡಿಸಿದ್ದು ಒಂದೂ ಖರೇ ನೋಡಿಲ್ಲ. ಎಲ್ಲಾ ಪುಸ್ತಕದಾಗ."

ನಾರಾಯಣಗೂಡದ ಶಾಲೆಯೊಂದರಲ್ಲಿ ಅವಳು ಚಿತ್ರಕಲೆಯ ಟೀಚರ್ ಆಗಿದ್ದಳು. ಆ ವಾರ ಕಣ್ಣಿನ ತಪಾಸಣೆಗೆ ಅವಳೊಬ್ಬಳೇ ಹೋಗಿ ಬಂದಿದ್ದಳು. ಆಫೀಸಿನಲ್ಲಿ ಕೆಲಸ ಒಪ್ಪಿಸುವ ಗಡಿಬಿಡಿಯಲ್ಲಿ ನಾನು ಜೊತೆಗೆ ಹೋಗಿರಲಿಲ್ಲ. "ಆಪರೇಷನ್ ಮಾಡ್ಬೇಕಂತ. ಹೋಗಿ ಬಂದ ಮ್ಯಾಲ ಮಾಡಸಿದ್ರ ಆತು ಅಂದಾರ," ಎಂದು ಅವಳು ಹೇಳಿದ್ದನ್ನು ನಂಬಿದೆ. ನನಗೂ ಅದೇ ಅನುಕೂಲವಾಗಿತ್ತು.

ಮ್ಯಾಡ್ರಿಡ್ಡಿನಲ್ಲಿ ಹತ್ತು ದಿನ ಕಳೆದ ಮೇಲೆ ಒಂದು ಭಾನುವಾರ ಅವಳನ್ನು ಚಿತ್ರಶಾಲೆಗೆ ಕರೆದುಕೊಂಡು ಹೋದೆ. ಅದು ಹಿಂದೆ ರಾಜಮನೆತನದವರು ವಾಸವಾಗಿದ್ದ ಕಟ್ಟಡ. ಹೊರಗೆ ಅಗಲವಾದ ಕಲ್ಲಿನ ಮೆಟ್ಟಿಲುಗಳು. ಮೊದಲನೆಯ ಮೆಟ್ಟಿಲಿಗೇ ಅವ್ವ ಎಡವಿದಳು. ನಾನು ತೋಳು ಹಿಡಿದೆ.

"ಚಪ್ಪಲಿ ಹೊಸಾವು, ಅದಕ್ಕ," ಎಂದಳು.

ಒಳಗೆ ಚಿನ್ನದ ಬಣ್ಣದ ಛಾವಣಿ, ಅದರ ತುಂಬ ಮೋಡಗಳು, ಕುದುರೆಗಳು. ಅವ್ವ ಕತ್ತೆತ್ತಿ ನೋಡಿ ನಕ್ಕಳು. "ನಮ್ಮ ಕಡೆ ನವಾಬರ ದೇವಡಿ ಅರಮನಿಯೊಳಗೂ ಹಿಂಗ ಇರ್ತಿತ್ತು. ಬಂದವರ ಕುತಗಿ ನೋಯ್ಲಿ ಅಂತನ ಮ್ಯಾಲ ಬಿಡಸ್ತಾರ."

ನಾನೂ ನಕ್ಕೆ. ಅಷ್ಟರಲ್ಲಿ ಅವಳು ಬಲಗಡೆ ನಿಂತಿದ್ದ ಮುದುಕರೊಬ್ಬರಿಗೆ ಡಿಕ್ಕಿ ಹೊಡೆದಳು. ಅವರೇ ಕ್ಷಮೆ ಕೇಳಿ ಸರಿದರು. ಮುಂದಿನ ಕೋಣೆಯ ಬಾಗಿಲಿಗೆ ಅವಳ ಬಲಭುಜ ತಾಕಿತು. ಮೆಟ್ಟಿಲಿಗೆ ಎಡವಿದ್ದೂ ಬಲಗಾಲೇ ಅಲ್ಲವೇ? ಅಲ್ಲಿಂದ ಮುಂದೆ ನಾನು ಯಾವ ಚಿತ್ರವನ್ನೂ ನೋಡಲಿಲ್ಲ. ಅವಳ ಹೆಜ್ಜೆಗಳನ್ನೇ ನೋಡುತ್ತ ನಡೆದೆ.

ನಾಲ್ಕನೆಯ ಕೋಣೆಯಲ್ಲಿ ಒಂದು ಸಣ್ಣ ಚಿತ್ರದ ಮುಂದೆ ಅವ್ವ ನಿಂತುಬಿಟ್ಟಳು. ತಾಮ್ರದ ಪಾತ್ರೆ, ಎರಡು ಈರುಳ್ಳಿ, ಪಕ್ಕದಲ್ಲಿ ಮಡಚಿಟ್ಟ ಬಟ್ಟೆ. ಅಷ್ಟೇ. ಅವಳು ಮುಖವನ್ನು ಹತ್ತಿರ, ಇನ್ನೂ ಹತ್ತಿರ ಒಯ್ದಾಗ ಎಲ್ಲಿಂದಲೋ ಕೀ ಎಂದು ಸದ್ದಾಯಿತು. ಕಾವಲಿನ ಹೆಂಗಸು ಓಡಿಬಂದಳು. ಅವ್ವ ಬೆದರಿ ಹಿಂದೆ ಸರಿದಳು. ನಾನು ಕೈಮುಗಿದಂತೆ ಮಾಡಿ ಆ ಹೆಂಗಸನ್ನು ಸಮಾಧಾನಪಡಿಸಿದೆ.

ಆಮೇಲೆ ಸದ್ದಿಲ್ಲದೆ ಅವ್ವನ ಬಲಕ್ಕೆ ಹೋಗಿ, ಅವಳ ಕಿವಿಯಿಂದ ಒಂದು ಗೇಣು ದೂರದಲ್ಲಿ ಕೈ ಎತ್ತಿ ಬೆರಳು ಆಡಿಸಿದೆ. ಅವಳ ಮುಖ ಅಲುಗಲಿಲ್ಲ. ಕೈಯನ್ನು ಮೆಲ್ಲಗೆ ಮುಂದಕ್ಕೆ, ಬಲಗಣ್ಣಿನ ಪಕ್ಕಕ್ಕೇ ತಂದೆ. ಆಗಲೂ ರೆಪ್ಪೆ ಮಿಟುಕಲಿಲ್ಲ.

"ಅವ್ವಾ, ಬಲಗಣ್ಣಿಗೆ ಕಾಣಂಗಿಲ್ಲೇನು?"

ಅವಳು ತಿರುಗಲಿಲ್ಲ. ಈರುಳ್ಳಿಗಳನ್ನೇ ನೋಡುತ್ತಿದ್ದಳು.

"ಮಸುಕ ಮಸುಕ ಕಾಣ್ತಿತ್ತು. ಈಗ ಅದೂ ಇಲ್ಲ."

"ಡಾಕ್ಟರಿಗೆ ಗೊತ್ತೈತಿ?"

"ಗೊತ್ತೈತಿ. ಇನ್ನೊಂದು ಕಣ್ಣರ ಉಳಿಸ್ಕೊಳ್ರಿ, ಲಗೂನ ಆಪರೇಷನ್ ಮಾಡಿಸ್ರಿ ಅಂದ್ರು."

"ಬಂದ ಮ್ಯಾಲ ಮಾಡಸಿದ್ರ ಆತು ಅಂದಾರ ಅಂದಿ!"

"ಹಂಗ ನಾ ಅಂದೆ. ಅವರು ಅಂದಿಲ್ಲ. ಎಡಗಣ್ಣೂ ಹೋದ ಮ್ಯಾಲ ಇಲ್ಲಿಗೆ ಬಂದು ಏನ್ ಮಾಡ್ಲಿ, ಹೇಳು."

ನನಗೆ ಸಿಟ್ಟು ಬಂತು. "ನಡಿ, ಈಗ ಹೋಗೂಣು. ಡಾಕ್ಟರಿಗೆ ಫೋನ್ ಮಾಡ್ಬೇಕು, ಟಿಕೆಟ್ ನೋಡ್ಬೇಕು," ಎಂದು ಕೈ ಹಿಡಿದು ಎಳೆದೆ. ನನ್ನ ದನಿ ಏರಿರಬೇಕು, ಜನ ತಿರುಗಿ ನೋಡಿದರು.

"ಅರ್ಧ ತಾಸು ಕೊಡು," ಎಂದಳು ಅವ್ವ. "ಅರ್ಧ ತಾಸಿನ್ಯಾಗ ಏನೂ ಆಗಂಗಿಲ್ಲ."

ಆಗುವುದಿಲ್ಲವೆಂದು ನನಗೆ ಹೇಗೆ ಗೊತ್ತು? ಆದರೂ ಕೈ ಬಿಟ್ಟೆ. ಕಾವಲಿನ ಹೆಂಗಸಿಗೆ ಏನು ಅರ್ಥವಾಯಿತೋ, ತಾನು ಕೂರುತ್ತಿದ್ದ ಕುರ್ಚಿಯನ್ನು ತಂದು ಚಿತ್ರದ ಮುಂದೆ ಹಾಕಿದಳು. ಅವ್ವ ಕುಳಿತು, ಎಡಗಣ್ಣನ್ನು ಚಿತ್ರದತ್ತ ತಿರುಗಿಸಿ ನೋಡತೊಡಗಿದಳು. ಕ್ಲಾಸಿನಲ್ಲಿ ಮಾತಾಡಿದಂತೆ ಮಾತಾಡಿದಳು. "ಇಲ್ಲಿ ನೋಡು, ಉಳ್ಳಾಗಡ್ಡಿ ಸಿಪ್ಪಿ ಮ್ಯಾಲಿನ ಬೆಳಕು. ಬಿಳೀ ಬಣ್ಣಾನ ಹಚ್ಚಿಲ್ಲ. ನಾ ಹುಡುಗ್ಯಾರಿಗೆ ಬಿಳೀ ಹಚ್ರಿ ಬಿಳೀ ಹಚ್ರಿ ಅಂತಿದ್ದೆ. ತಪ್ಪು ಕಲಿಸೀನಿ." ಅದನ್ನು ಹೇಳುವಾಗ ಅವಳ ಮುಖದಲ್ಲಿ ದುಃಖವೇನೂ ಇರಲಿಲ್ಲ, ಖುಷಿಯಿತ್ತು. ನಾನು ಗಡಿಯಾರ ನೋಡುತ್ತ, ಅವಳ ಎಡಗಣ್ಣು ನೋಡುತ್ತ ನಿಂತಿದ್ದೆ. ಅದು ಕೆಂಪಾಗಿದೆಯೇ? ನೀರು ಬರುತ್ತಿದೆಯೇ?

ಹೊರಗೆ ಬಂದು ಮೆಟ್ಟಿಲ ಮೇಲೆಯೇ ನಿಂತು ಹೈದರಾಬಾದಿನ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. "ತಕ್ಷಣ ಹೊರಟು ಬನ್ನಿ," ಎಂದಷ್ಟೇ ತೆಲುಗಿನಲ್ಲಿ ಹೇಳಿದರು. ನನ್ನ ಬದಲಿಗೆ ಬೇರೊಬ್ಬರನ್ನು ಕಳಿಸುವಂತೆ ಆಫೀಸಿಗೆ ಬರೆದು, ಮೂರನೆಯ ದಿನ ಅವ್ವನೊಂದಿಗೆ ವಿಮಾನ ಹತ್ತಿದೆ. ದಾರಿಯುದ್ದಕ್ಕೂ ಅವಳು ನಿದ್ದೆ ಮಾಡಿದಳು. ನಾನು ಔಷಧದ ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ.

ಅದೇ ವಾರ ಎಡಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಎದುರಿನ ಅಕ್ಷರಗಳನ್ನು ಓದಲು ಹೇಳಿದರು. ಅವ್ವ ಎಡಗಣ್ಣಿನಿಂದ ನಾಲ್ಕು ಸಾಲು ಓದಿದಳು, ಐದನೆಯದರಲ್ಲಿ ತಡವರಿಸಿದಳು. ಬಲಗಣ್ಣಿನ ದೃಷ್ಟಿ ಮರಳಲಿಲ್ಲ. ಮೊದಲೇ ಬಂದಿದ್ದರೆ ಐದನೆಯ ಸಾಲೂ ಉಳಿಯುತ್ತಿತ್ತೇ ಎಂದು ಕೇಳಿದೆ. ಹೇಳಲಾಗದು ಎಂದರು.

ಈಗ ಮೂರು ತಿಂಗಳಿಗೊಮ್ಮೆ ತಪಾಸಣೆ. ಎಷ್ಟೇ ಕೆಲಸವಿದ್ದರೂ ಆ ದಿನ ರಜೆ ಹಾಕಿ ಜೊತೆಗೆ ಹೋಗುತ್ತೇನೆ, ಡಾಕ್ಟರ ಮಾತನ್ನು ನನ್ನ ಕಿವಿಯಿಂದಲೇ ಕೇಳುತ್ತೇನೆ. ಹಿಂದಿನ ದಿನವೇ ನನಗೆ ಅನ್ನ ಇಳಿಯುವುದಿಲ್ಲ. ಅವ್ವ ತಟ್ಟೆಯನ್ನು ನನ್ನ ಮುಂದೆ ತಳ್ಳಿ, "ಕಣ್ಣು ನಂದು, ಹೊಟ್ಟಿ ನಿಂದು. ಉಣ್ಣು," ಎನ್ನುತ್ತಾಳೆ. ಒಂದೆರಡು ತುತ್ತು ತಿನ್ನುತ್ತೇನೆ.