ಪೌಡರ್ ಬಳಿದ ಮುಖಗಳು

ಮುಂಬಯಿಯ ವಡಾಲದಲ್ಲಿದ್ದ ದೂಜಣ್ಣನ ಫೋಟೋ ಸ್ಟುಡಿಯೋದಲ್ಲಿ ಕ್ಯಾಮೆರಾಕ್ಕಿಂತ ಹೆಚ್ಚಿನ ಮರ್ಯಾದೆ ವಿಲಾಯತಿಯ ಒಂದು ತಗಡಿನ ಬಿಲ್ಲೆಗೆ. ತಿಂಗಳು, ಹೊತ್ತು, ಮೋಡ, ಎದುರಿಗಿರುವುದು ಕಟ್ಟಡವೋ ಮುಖವೋ ಎಂದು ಅದರ ಸುತ್ತುಗಳನ್ನು ತಿರುಗಿಸಿ ಕೂಡಿಸಿದರೆ ಸಾಕು, ಕ್ಯಾಮೆರಾದ ಕಣ್ಣು ಎಷ್ಟು ತೆರೆಯಬೇಕೆಂದು ಅದೇ ಹೇಳುತ್ತಿತ್ತು. ಫೋಟೋ ತೆಗೆಯುವ ಕಾಂತಪ್ಪ ಅದನ್ನು ದೇವರ ಅಪ್ಪಣೆ ಎಂದೇ ನಂಬಿದ್ದ. ಆದರೂ ಬಂದರಿನ ಕೂಲಿಗಳ ಮುಖ ಮಸಿಯಾಗಿಯೇ ಮೂಡುತ್ತಿತ್ತು. ಬಿಲ್ಲೆಯನ್ನು ಯಾರು ಅನುಮಾನಿಸುತ್ತಾರೆ? ತಪ್ಪು ಮುಖದ್ದೇ ಎಂದು ಅದಕ್ಕೆ ಬಳಿಯಲು ಪೌಡರ್ ಡಬ್ಬಿ ತಂದಿಟ್ಟರು!

೧೯೫೫ರ ಬೇಸಗೆಯಲ್ಲಿ ಬಂದರಿನ ಗುತ್ತಿಗೆದಾರ ಕೂಲಿಗಳಿಗೆಲ್ಲ ಫೋಟೋ ಇರುವ ಪಾಸು ಕಡ್ಡಾಯ ಮಾಡಿದ. ಒಂದು ಮಧ್ಯಾಹ್ನ ಕೂಲಿ ಈರಣ್ಣನನ್ನು ಅವನ ಹೆಂಡತಿ ರಾಚವ್ವ ಎಳೆದುಕೊಂಡು ಬಂದು, ಅಲ್ಲೇ ತೆಗೆಸಿದ ಫೋಟೋ ಇದ್ದ ಪಾಸನ್ನು ಮುಂದೆ ಹಿಡಿದಳು.

“ಇದ್ಯಾರ ಮುಖಾರೀ ಅಣ್ಣಾರ? ಗೇಟಿನಾಂವ ‘ಯೇ ತೂ ನಹೀಂ’, ಇದು ನೀ ಅಲ್ಲ ಅಂತ ಹೊರಗ ದಬ್ಬ್ಯಾನ. ನಾಳಿ ಪಾಸು ಸರಿ ಇರಲಿಲ್ಲಂದ್ರ ಕೆಲಸ ಬ್ಯಾರೇದಾಂವಗಂತ. ಪೌಡರ್ ಹಚ್ಕೊಂಡು ಮೂಟಿ ಹೊರಬೇಕೇನ್ರಿ?”

“ಮದುವ್ಯಾಗೂ ನಾ ಇಷ್ಟು ಬೆಳ್ಳಗ ಇದ್ದಿಲ್ಲ,” ಎಂದ ಈರಣ್ಣ. ರಾಚವ್ವ ನಗಲಿಲ್ಲ.

ಕಾಂತಪ್ಪ ಕೂತ, ಎದ್ದ, ಬಿಲ್ಲೆ ತಿರುಗಿಸಿದ. ‘ಮುಖ’ ಎಂಬ ಗುರುತಿನ ಮೇಲೆ ಅವನ ಕಪ್ಪು ಹೆಬ್ಬೆರಳು ನಿಂತುಬಿಟ್ಟಿತು. ಯಾರ ಮುಖ?

“ಪೌಡರ್ ಸ್ವಲ್ಪ ಕಮ್ಮಿ ಹಚ್ಚಿ ತೆಗಿ ಮಾರಾಯ,” ಎಂದ ದೂಜಣ್ಣ. “ಬಿಲ್ಲೆ ಸುಳ್ಳು ಹೇಳ್ತದಾ?”

“ಅದನ್ನು ಮಾಡಿದವ ನಮ್ಮಂಥ ಮುಖ ನೋಡಿಯೇ ಇಲ್ಲ ದೂಜಣ್ಣ.”

ಈರಣ್ಣನ ಮುಖವನ್ನು ನಲ್ಲಿಯಲ್ಲಿ ತೊಳೆಸಿ, ಚಾಳಿನ ಸುಣ್ಣದ ಗೋಡೆಗೆ ನಿಲ್ಲಿಸಿದ. ಬಿಲ್ಲೆ ಹೇಳಿದ್ದಕ್ಕಿಂತ ಹೆಚ್ಚಾಗಿ ಕ್ಯಾಮೆರಾದ ಕಣ್ಣು ತೆರೆದ.

“ಗೋಡೆ ಬೆಳ್ಳಗೆ ಸುಟ್ಟುಹೋಗ್ತದೆ!” ಎಂದ ದೂಜಣ್ಣ.

“ಹೋಗಲಿ. ಗೇಟಿನಲ್ಲಿ ನಿಲ್ಲುವುದು ಗೋಡೆಯಾ?”

ಫೋಟೋದಲ್ಲಿ ಗೋಡೆ ಬಿಳುಪಿನಲ್ಲಿ ಕರಗಿ ಹೋಯಿತು, ಅಂಗಿಯೂ ಹೋಯಿತು. ಸಿಡುಬಿನ ಕಲೆ, ಸೀಳಿದ ಹುಬ್ಬು, ಸಿಟ್ಟು ಮಾತ್ರ ಅಚ್ಚಾಗಿ ಉಳಿದವು.

ಮರುದಿನ ಬೆಳಿಗ್ಗೆ ಕೂತಲ್ಲಿ ಕೂರಲಾರದೆ ಕಾಂತಪ್ಪನೂ ಗೇಟಿಗೆ ಹೋದ. ಕಾವಲಿನವನು ಪಾಸು ನೋಡಿದ, ಮುಖ ನೋಡಿದ, ಹೋಗೆಂದು ತಲೆ ಆಡಿಸಿದ. ಈರಣ್ಣ ಒಳಗೆ ಹೋದ. ಕಾಂತಪ್ಪ ಉಸಿರು ಬಿಡುವಷ್ಟರಲ್ಲಿ ಹಿಂದಿನವನ ಎದೆಗೆ ಲಾಠಿ ಅಡ್ಡ ಬಂತು. ಅವನ ಕೈಯ ಪಾಸಿನಲ್ಲಿದ್ದದ್ದು ಕಾಂತಪ್ಪನೇ ಪೌಡರ್ ಬಳಿದು ತೆಗೆದ ಮುಖ. ಸಾಲಿನುದ್ದಕ್ಕೂ ಪಾಸುಗಳಲ್ಲಿ ಅಂಥವೇ ಬಿಳಿ ಮುಖಗಳು.

ಕಾಂತಪ್ಪ ಅವನ ರಟ್ಟೆ ಹಿಡಿದ. “ನಡೀರಿ ನನ್ನ ಜೊತೆ. ನೀವೂ ಬನ್ನಿ, ನೀವೂ. ಬೇಗ, ಬೆಳಕಿದೆ.”