ಬಲಗಡೆಯ ದನಿ

ಸೌಂಡ್ ಸಾರ್ ತಲೆಯ ಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಬೆರಳಗಲದ ಬೋಳು ಪಟ್ಟಿ ಇತ್ತು. ಅದರ ಎರಡೂ ಬದಿಗೆ ದಟ್ಟವಾದ ನರೆಗೂದಲು. ಕೋಡಂಬಾಕ್ಕಂನ ಸಿನಿಮಾ ಸ್ಟುಡಿಯೋಗಳಲ್ಲಿ ಮೂವತ್ತು ವರ್ಷ ಸೌಂಡ್ ಇಂಜಿನಿಯರ್ ಆಗಿ ಹೆಡ್‌ಫೋನ್ ಹಾಕಿ ಹಾಕಿ ಸವೆದದ್ದಂತೆ. ಕನ್ನಡ ಚಿತ್ರಗಳ ಕೆಲಸ ಬೆಂಗಳೂರಿಗೆ ಹೋದಮೇಲೂ ಅವರು ಚೆನ್ನೈ ಬಿಡದೆ, ತೊಂಬತ್ತರ ದಶಕದ ಕೊನೆಯಲ್ಲಿ ಅಡ್ಯಾರಿನ ನಮ್ಮ ಪುಟ್ಟ ಸಾಫ್ಟ್‌ವೇರ್ ಕಂಪನಿಗೆ ಬಂದು ಸೇರಿದರು. ಕೋಡ್ ಬರೆಯಲು ಅವರಿಗೆ ಬಾರದು. ಕೇಳಲು ಬರುತ್ತಿತ್ತು. ಅದಕ್ಕೇ ಅವರಿಗೆ ಸಂಬಳ.

ನಮ್ಮದು ಆಪರೇಟಿಂಗ್ ಸಿಸ್ಟಂ ಒಳಗೆ ದನಿಯನ್ನು ಹದಗೊಳಿಸುವ ಕೆಲಸ. ಹಾಡು ಒಂದು ಬಗೆಯಲ್ಲಿ ಬರುತ್ತದೆ, ಸೌಂಡ್ ಕಾರ್ಡ್ ಇನ್ನೊಂದು ಬಗೆ ಕೇಳುತ್ತದೆ. ಎಡ, ಬಲ ಎಂದು ಎರಡು ಚಾನೆಲ್ ಇದ್ದದ್ದನ್ನು ಒಂದಾಗಿಸಬೇಕು, ಹದಿನಾರು ಬಿಟ್‌ನ ನಯವಾದ ದನಿಯನ್ನು ಒರಟಾದ ಎಂಟಕ್ಕೆ ಇಳಿಸಬೇಕು. ಸಾರ್ ಇದನ್ನು ಕಾಫಿ ಲೋಟ ಹಿಡಿದು ಹೇಳಿಕೊಟ್ಟರು. "ನೋಡಮ್ಮಾ, ಎರಡು ಲೋಟದ್ದು ಒಂದಕ್ಕೆ ಹುಯ್ದ್ರೆ ಚೆಲ್ಲತ್ತೆ. ಅದರಲ್ಲಿ ಅರ್ಧ, ಇದರಲ್ಲಿ ಅರ್ಧ. ಅವ್ಳೋದಾನ್." ‘ಅಷ್ಟೇ’ ಎನ್ನುವ ಬದಲು, ಅವರ ಮೈಸೂರು ಕನ್ನಡ ಸಾಮಾನ್ಯವಾಗಿ ಹೀಗೆ ತಮಿಳಿನಲ್ಲಿ ಮುಗಿಯುತ್ತಿತ್ತು.

ಪರೀಕ್ಷೆಗೆ ಅಂಗಡಿಯ ಹಾಡು ಬಳಸುವುದು ಅವರಿಗೆ ಹಿಡಿಸದು. ಮನೆಯ ಹಳೆಯ ಕ್ಯಾಸೆಟ್ಟುಗಳನ್ನು ತಂದು ಕಂಪ್ಯೂಟರಿಗೆ ಹಾಕುತ್ತಿದ್ದರು. "ತಪ್ಪಾದ್ರೆ ನೋಯ್ಬೇಕು, ಆಗ್ಲೇ ಕಿವಿ ನೆಟ್ಟಗೆ ಕೇಳೋದು" ಎನ್ನುತ್ತಿದ್ದರು. ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು, ಇನ್ನು ಕಂಪ್ಯೂಟರಿನಲ್ಲಿದೆಯಲ್ಲ ಎಂದು ಎಸೆದುಬಿಡುತ್ತಿದ್ದರು. ನಮ್ಮನ್ನು ಅಷ್ಟು ನಂಬಿದ್ದರು.

ನಾನು ಅರ್ಧರ್ಧ ಹಾಕಲಿಲ್ಲ. ನಾನು ಪರೀಕ್ಷಿಸಿದ ಹಾಡುಗಳಲ್ಲಿ ಎಡಕ್ಕೂ ಬಲಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಕೂಡಿಸಿ ಭಾಗಿಸುವ ಗೋಜೇಕೆಂದು ಎಡವನ್ನು ಇಟ್ಟುಕೊಂಡು ಬಲವನ್ನು ಬಿಟ್ಟೆ. ಪ್ರೋಗ್ರಾಂ ಚುರುಕಾಗಿ ಓಡಿತು, ಮ್ಯಾನೇಜರ್ ಹೊಗಳಿದರು. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಆ ಹುರುಪಿನಲ್ಲಿ ಸಾರ್ ಕ್ಯಾಸೆಟ್ಟುಗಳಿದ್ದ ಫೋಲ್ಡರಿನ ಫೈಲುಗಳನ್ನೆಲ್ಲ ಒಂದೇ ಏಟಿಗೆ ಬದಲಿಸಿದೆ. ಡಿಸ್ಕಿನಲ್ಲಿ ಜಾಗ ಸಾಲದೆಂದು ಹಳೆಯದರ ಮೇಲೆಯೇ ಹೊಸದನ್ನು ಬರೆದೆ. ಬೇರೆ ಪ್ರತಿ ಇರಲಿಲ್ಲ.

ಮಧ್ಯಾಹ್ನ ಸಾರ್ ಬಂದು ಒಂದು ಫೈಲ್ ಹಾಕಲು ಹೇಳಿದರು. ಸ್ಪೀಕರಿನಿಂದ ಅವರದೇ ದನಿ ಬಂತು. "ಧನಿಯ ಎಷ್ಟು?" ಆಮೇಲೆ ಬರೀ ಗೊರಗೊರ. "ಹೂಂ, ಮೆಣಸಿನಕಾಯಿ?" ಮತ್ತೆ ಗೊರಗೊರ. ನನಗೆ ನಗು ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕೆ. ತಿರುಗಿ ನೋಡಿದರೆ ಸಾರ್ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅವಳ ಮೈಕು ಬಲಗಡೆ ಇತ್ತು" ಎಂದರು.

ಅವರ ಹೆಂಡತಿ ಹಾಸಿಗೆ ಹಿಡಿದಿದ್ದಾಗ, ಇನ್ನು ಗಂಡನಿಗೆ ಮಾಡಿಹಾಕುವವರಿಲ್ಲವೆಂದು ಹುಳಿಪುಡಿ ಮಾಡುವುದನ್ನು ಹೇಳಿಕೊಟ್ಟಿದ್ದರಂತೆ. ಸಾರ್ ಅಭ್ಯಾಸಬಲದಿಂದ ಇಬ್ಬರಿಗೂ ಬೇರೆಬೇರೆ ಮೈಕು ಇಟ್ಟು ರೆಕಾರ್ಡ್ ಮಾಡಿದ್ದರು. ಆಕೆಯ ದನಿ ಅವರ ಬಳಿ ಇದ್ದದ್ದು ಅದೊಂದರಲ್ಲೇ. ಸಾರ್ ಹೆಡ್‌ಫೋನ್ ಹಾಕಿ ಮೊದಲಿನಿಂದ ಕೊನೆಯವರೆಗೆ ಕೇಳಿದರು. ಎಡ ಮೈಕಿಗೆ ದೂರದಿಂದ ಬಿದ್ದ ಗುನುಗಿನಷ್ಟು ಉಳಿದಿತ್ತು. ಎಂಟು ಬಿಟ್‌ನ ಗೊರಗೊರದಲ್ಲಿ ಒಂದು ಮಾತೂ ತಿಳಿಯುತ್ತಿರಲಿಲ್ಲ.

"ಎಡಗಡೆ ಮಾತ್ರ ತಗೊಂಡಿದ್ದು ಯಾರು?"

"ನಾನ್‌ದಾನ್ ಸಾರ್." ತಾಂಬರಂನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಹೆದರಿಕೆಯಲ್ಲಿ ಕನ್ನಡ ಬರುತ್ತಲೇ ಇರಲಿಲ್ಲ.

ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಕೋಡ್ ಸರಿ ಮಾಡಮ್ಮಾ. ಇದು ಹೀಗೇ ಹೊರಗೆ ಹೋದ್ರೆ ಇನ್ಯಾರ ಮನೆಯೋರೋ ಹೋಗ್ತಾರೆ" ಎಂದು ಪಕ್ಕದಲ್ಲೇ ಕುರ್ಚಿ ಎಳೆದು ಕೂತರು. ಎಡದಲ್ಲಿ ಅರ್ಧ, ಬಲದಲ್ಲಿ ಅರ್ಧ. ಸಂಜೆಯೊಳಗೆ ಮುಗಿಸಿದೆವು. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ, ಎತ್ತುವ ಧೈರ್ಯ ನನಗೂ ಬರಲಿಲ್ಲ.

ಆರೇಳು ವರ್ಷದ ಮೇಲೆ ಸಾರ್ ತೀರಿಕೊಂಡರು. ಅವರ ಮಗಳು ನನ್ನನ್ನು ಹುಡುಕಿಕೊಂಡು ಬಂದು ಒಂದು ಸಿ.ಡಿ. ಕೊಟ್ಟರು. "ಟೆಸ್ಟ್‌ಗೆ ಇಟ್ಕೋಬೇಕಂತೆ, ಅಪ್ಪ ಹೇಳಿದ್ರು."

ಎಡಗಡೆ ಅದೇ ಹಳೆಯ ಪ್ರಶ್ನೆಗಳು. ಬಲಗಡೆ, ಗೊರಗೊರವಿದ್ದ ಜಾಗಗಳಲ್ಲಿ, ಸಾರ್ ತಮ್ಮ ಮುದಿ ದನಿಯಲ್ಲಿ ನೆನಪಿನಿಂದ ಉತ್ತರ ತುಂಬಿದ್ದರು. "ಎರಡು ಪಾವು ಅಂದ್ಲು." "ಒಂದು ಹಿಡಿ ಅಂದ್ಲು. ಯಾರ ಹಿಡಿ ಅಂದಿದ್ದಕ್ಕೆ ಇಲ್ಲಿ ನಕ್ಕಳು."

ಕೊನೆಯಲ್ಲಿ ಎಡಗಡೆಯಿಂದ ಕೇಳುತ್ತಾರೆ: "ಪುಡಿ ವಿಷಯ ಆಯ್ತಲ್ಲ. ಇನ್ನೇನೋ ಹೇಳ್ಬೇಕು ಅಂತಿದ್ಯಲ್ಲ, ಏನದು?"

ಬಲಗಡೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ, "ಇಲ್ಲಿ ಏನಂದ್ಲೋ, ಎಷ್ಟು ಯೋಚಿಸಿದ್ರೂ ನೆನಪಾಗ್ತಿಲ್ಲ."

ಅದನ್ನು ಅಳಿಸಿದವಳು ನಾನು.