ಎಡಕ್ಕೆ ಎಳೆಯುವ ಕಾರು

ಶೆಟ್ಟಿಹಳ್ಳಿಯಲ್ಲಿ ನಮ್ಮ ಎದುರುಮನೆಯಲ್ಲಿದ್ದವರು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಯಾರಾದರೂ ಕಾರು ತಂದು ತೋರಿಸಿದರೆ ನೇರ ರಸ್ತೆಯಲ್ಲಿ ಓಡಿಸಿ, ಸ್ಟೇರಿಂಗಿನಿಂದ ಎರಡೂ ಕೈ ಮೇಲೆತ್ತಿ, "ಕೈ ಬಿಟ್ ನೋಡಿ, ಗೊತ್ತಾಯ್ತದೆ" ಅನ್ನುತ್ತಿದ್ದರು. ಕಾರು ಪಕ್ಕಕ್ಕೆ ಎಳೆದರೆ ಚಕ್ರಗಳ ಅಲೈನ್‌ಮೆಂಟ್ ಹೋಗಿದೆ ಎಂದರ್ಥ.

ಮಕ್ಕಳಿಗೆಂದು ಮೇಷ್ಟ್ರೂ ನಾನೂ ಒಂದೇ ಅಂಗಡಿಯಲ್ಲಿ ಒಂದೇ ಥರದ ವಿಡಿಯೋ ಗೇಮ್ ಸೆಟ್ ಕೊಂಡಿದ್ದೆವು. ಎರಡರ ರಿಮೋಟುಗಳೂ ಬೇಗ ಕೆಟ್ಟವು. ಆಟದ ಕಾರು ತಾನಾಗಿ ಎಡಕ್ಕೆ ಎಳೆಯುತ್ತಿತ್ತು. "ಏನೂ ಕೆಟ್ಟಿಲ್ಲ, ನಿಮಗೆ ಓಡಿಸೋಕೆ ಬರಲ್ಲ" ಅಂದರು ಕಂಪನಿಯವರು. ನಾನು ಗೊಣಗಿ ಸುಮ್ಮನಾದೆ. ಮೇಷ್ಟ್ರು ಗ್ರಾಹಕರ ಕೋರ್ಟಿಗೆ ಹೋದರು.

"ಅವ್ರನ್ನ ನೋಡಿ ಕಲ್ತ್ಕೊಳ್ಳಿ" ಅಂದಳು ನನ್ನ ಹೆಂಡತಿ. ಅಂದಿನಿಂದ ಅವರ ಸ್ಕೂಟರಿನ ಹಾರ್ನ್ ಕೇಳಿದರೂ ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು.

ಅವರು ಸೋಲುವುದನ್ನು ನೋಡಲೆಂದೇ ವಿಚಾರಣೆಗೆ ಹೋದೆ. ಮೇಷ್ಟ್ರು ಮನೆಯ ಟಿವಿಯನ್ನೇ ಹೊತ್ತು ತಂದಿದ್ದರು. ಆಟ ಶುರು ಮಾಡಿ, ರಿಮೋಟನ್ನು ಮೇಜಿನ ಮೇಲಿಟ್ಟು, ಎರಡೂ ಕೈ ಮೇಲೆತ್ತಿದರು.

"ಕೈ ಬಿಟ್ ನೋಡಿ ಸ್ವಾಮಿ, ಗೊತ್ತಾಯ್ತದೆ."

ಯಾರೂ ಮುಟ್ಟದ ಕಾರು ಮೆಲ್ಲಗೆ ಎಡಕ್ಕೆ ಎಳೆದು ಗೋಡೆಗೆ ಗುದ್ದಿತು. ಕಂಪನಿಯ ವಕೀಲರಿಗೂ ನಗು ಬಂತು. ನಗದೆ ಕೂತವನು ನಾನೊಬ್ಬನೇ.

ಕೇಸು ಗೆದ್ದು ಹೊಸ ಸೆಟ್ ಪಡೆದ ಸಂಜೆ ಮೇಷ್ಟ್ರು ಪೇಡ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ನಿಮ್ದೂ ಕೊಡಿ ಸಾರ್, ಕೋರ್ಟಿಗೆ ನಾನೇ ಓಡಾಡ್ತೀನಿ."

"ನಮ್ದು ಚೆನ್ನಾಗೇ ಇದೆ" ಅಂದೆ.

ಅವರ ಕಣ್ಣು ನನ್ನ ಭುಜದಾಚೆ ಹೋಯಿತು. ನಡುಮನೆಯಲ್ಲಿ ರಿಮೋಟು ಸೋಫಾದ ಮೇಲೆ ಬಿದ್ದಿತ್ತು. ಟಿವಿಯಲ್ಲಿ ನಮ್ಮ ಕಾರು ಎಡಗಡೆಯ ಗೋಡೆಗೆ ಗುದ್ದುತ್ತಲೇ ಇತ್ತು. ಮೇಷ್ಟ್ರು ಪೇಡದ ಡಬ್ಬಿಯನ್ನು ನನ್ನ ಕೈಗಿತ್ತು, ಎರಡೂ ಕೈ ಮೆಲ್ಲಗೆ ಮೇಲೆತ್ತಿದರು.